ದಾರಿ ಹೇಳುವ ಪೆಟ್ಟಿಗೆಗೆ ಸಪ್ಲೈಯರ್ ಪರೀಕ್ಷೆ

ಈಗಲೂ ಯಾರ ಕಾರಿನಲ್ಲಿ ಕೂತರೂ ನನ್ನ ಕುತ್ತಿಗೆ ತಾನಾಗಿ ಹಿಂದಕ್ಕೆ ತಿರುಗುತ್ತದೆ. ಕಾರು ಸ್ವಲ್ಪ ನಿಧಾನವಾದರೆ ಸಾಕು, ಹಿಂದಿನ ಗಾಜಿನಲ್ಲಿ ಏನು ಬರುತ್ತಿದೆ ಎಂದು ನೋಡಲೇಬೇಕು. ಓಡಿಸುವವರು, "ಏನಾದರೂ ಬಿಟ್ಟು ಬಂದಿರಾ?" ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ. ತಿರುವೊಟ್ಟಿಯೂರಿನ ಹೈರೋಡಿನಲ್ಲಿ ಒಂದು ಭಾನುವಾರ ಆ ಗಾಜಿನಲ್ಲಿ ಕಂಡದ್ದನ್ನು ಎಲ್ಲರಿಗೂ ವಿವರಿಸುತ್ತ ಕೂರಲು ಆಗುವುದಿಲ್ಲ. ಒಮ್ಮೆ ಬರೆದುಬಿಟ್ಟರೆ ಕುತ್ತಿಗೆ ನೆಟ್ಟಗಾದೀತು ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಅಪ್ಪ ಮದರಾಸಿನ ಮೈಲಾಪೂರಿನಲ್ಲಿ ಹೋಟೆಲ್ ನಡೆಸುತ್ತಿದ್ದರು. ಕುಂದಾಪುರದ ಕಡೆಯಿಂದ ಬಂದು, ಮೊದಲು ಟೇಬಲ್ ಒರೆಸಿ, ಆಮೇಲೆ ಸಪ್ಲೈಯರ್ ಆಗಿ, ಕೊನೆಗೆ ತಮ್ಮದೇ ಗಲ್ಲಾದ ಹಿಂದೆ ಕೂತವರು. ಕಟ್ಟಡದ ಮಾಲೀಕರು ಜಾಗ ಮಾರಿದಾಗ ಹೋಟೆಲ್ ಮುಚ್ಚಿತು. ಬೆಳಗಿನ ಜಾವ ನಾಲ್ಕಕ್ಕೆ ಏಳುವ ಅಭ್ಯಾಸ ಮಾತ್ರ ಮುಚ್ಚಲಿಲ್ಲ. ವೆಸ್ಟ್ ಮಾಂಬಲಂನ ನಮ್ಮ ಫ್ಲಾಟಿನಲ್ಲಿ ಒಂದು ವಾರ ಅಮ್ಮನ ಒಗ್ಗರಣೆಗೆ ಸಲಹೆ ಕೊಡುತ್ತ ಓಡಾಡಿದರು. ಅಮ್ಮನೇ, "ಇವರಿಗೆ ಹೊರಗೆ ಹೋಗ್ಲಿಕ್ಕೆ ಏನಾದ್ರೂ ಒಂದು ಮಾಡು" ಎಂದು ನನ್ನ ಹತ್ತಿರ ಹೇಳಿದರು. ಹಾಗೆ ಬಂದದ್ದು ಆ ಹಳೆಯ ಬಿಳಿ ಕಾರು. ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿತ್ತು. ಅಪ್ಪನಿಗೆ ಆಗ ಅರವತ್ತು ಕಳೆದಿತ್ತು. ಓಡಿಸಲು ಕಲಿತದ್ದು ತಡವಾದರೂ ಚೆನ್ನಾಗಿಯೇ ಓಡಿಸುತ್ತಿದ್ದರು. ನನಗೆ ಇವತ್ತಿಗೂ ಕಾರು ಓಡಿಸಲು ಬರುವುದಿಲ್ಲ. ಇನ್ಶೂರೆನ್ಸ್ ಕಚೇರಿಯಲ್ಲಿ ಅಪಘಾತದ ಕಾಗದಗಳನ್ನೇ ನೋಡುವ ಕೆಲಸ ಮಾಡಿದವಳಿಗೆ ಕಲಿಯುವ ಮನಸ್ಸು ಹೇಗೆ ಬರಬೇಕು?

ಅಪ್ಪನ ತೊಂದರೆ ಇದ್ದದ್ದು ದಾರಿಯಲ್ಲಿ. ಅವರಿಗೆ ಮದರಾಸಿನ ಬೀದಿಗಳ ಹೆಸರು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹೋಟೆಲುಗಳು, ಅದರಲ್ಲೂ ನಮ್ಮೂರ ಕಡೆಯವರು ನಡೆಸುವ ಹೋಟೆಲುಗಳು. "ಮಹಡಿ ಹೋಟ್ಲಿನ ಹತ್ರ ಬಲಕ್ಕೆ, ಅಲ್ಲಿಂದ ಬಾವಿ ಹೋಟ್ಲಿನವರೆಗೆ ನೇರ, ಆಮೇಲೆ ಕೆಟ್ಟ ಸಾಂಬಾರಿನ ಹೋಟ್ಲು ದಾಟಿದ ಕೂಡ್ಲೇ ಎಡಕ್ಕೆ." ಹೀಗೆ ಹೇಳಿಕೊಂಡೇ ಊರೆಲ್ಲ ಸುತ್ತುತ್ತಿದ್ದರು. ಯಾರನ್ನಾದರೂ ಕೇಳಬಹುದಲ್ಲ ಎಂದರೆ ಒಪ್ಪುತ್ತಿರಲಿಲ್ಲ. ಈ ಊರಿನಲ್ಲಿ ದಾರಿ ಕೇಳಿದರೆ ಗೊತ್ತಿಲ್ಲದವರೂ ಗೊತ್ತಿಲ್ಲ ಎನ್ನುವುದಿಲ್ಲ, "ನೇರಾ ಪೋಯಿ ಲೆಫ್ಟ್ ಕಟ್ ಪಣ್ಣುಂಗ" ಎಂದು ಕೈ ಬೀಸಿಬಿಡುತ್ತಾರೆ, ಆ ಎಡಗಡೆಯಲ್ಲಿ ಸಮುದ್ರವೇ ಇದ್ದರೂ. ಇದು ಅಪ್ಪನ ಮಾತು. ಪೂರ್ತಿ ಸುಳ್ಳಲ್ಲ.

ತಿಂಗಳಿಗೊಂದು ಭಾನುವಾರ ಅಪ್ಪ ತಿರುವೊಟ್ಟಿಯೂರಿಗೆ ಹೋಗುತ್ತಿದ್ದರು. ಹೋಟೆಲಿನ ಅಡಿಗೆ ಭಟ್ಟರು ಅಲ್ಲಿ ಮಗಳ ಮನೆಯಲ್ಲಿದ್ದರು; ಅಳಿಯ ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಭಟ್ಟರಿಗೆ ಮಂಡಿನೋವು, ಮೆಟ್ಟಿಲು ಇಳಿಯುವಂತಿರಲಿಲ್ಲ. ಅಪ್ಪನೂ ಭಟ್ಟರೂ ಹೋಟೆಲಿನಲ್ಲಿ ಜಗಳವಾಡದ ದಿನವಿರಲಿಲ್ಲ. ಉಪ್ಪು, ಹುಣಸೆಹಣ್ಣು, ತೊಗರಿಬೇಳೆ ಬೆಂದದ್ದು, ಬೇಯದ್ದು. ಹೋಟೆಲ್ ಮುಚ್ಚಿದ ಮೇಲೆ ಆ ಜಗಳವನ್ನು ತಿಂಗಳಿಗೊಂದಕ್ಕೆ ಇಳಿಸಿಕೊಂಡಿದ್ದರು. ಅಪ್ಪ ಮನೆಯಿಂದ ಕ್ಯಾರಿಯರಿನಲ್ಲಿ ಏನಾದರೂ ಒಯ್ಯುವುದು, ಭಟ್ಟರು ಅದಕ್ಕೆ ಹೆಸರಿಡುವುದು. ಭಟ್ಟರು ಕೂತಲ್ಲೇ ಮಗಳಿಂದ ಮಾಡಿಸಿದ ಸಾರಿಗೆ ಅಪ್ಪ ಹೆಸರಿಡುವುದು. ಇಬ್ಬರ ಮುಖವೂ ಆ ದಿನ ಬೆಳಗುತ್ತಿತ್ತು.

ಆ ಭಾನುವಾರ ನಾನೂ ಜೊತೆಗಿದ್ದೆ. ಮುಂದಿನ ಸೀಟು, ತೊಡೆಯ ಮೇಲೆ ಮಜ್ಜಿಗೆಹುಳಿಯ ಕ್ಯಾರಿಯರ್. ತೊಂಡಿಯಾರ್‌ಪೇಟೆ ದಾಟಿ ಹೈರೋಡಿನಲ್ಲಿ ಹೋಗುತ್ತಿದ್ದೆವು. ಬಂದರಿನ ಕಂಟೇನರ್ ಲಾರಿಗಳು ಹಿಂದೆ ಮುಂದೆ ಮನೆಗಳು ನಡೆದು ಬಂದ ಹಾಗೆ ಬರುತ್ತಿದ್ದವು. ಭಟ್ಟರ ಗಲ್ಲಿಗೆ ತಿರುಗುವ ಜಾಗದ ಗುರುತು ಒಂದು ನೀಲಿ ಟೈಲ್ಸಿನ ಹೋಟೆಲ್. ಆ ತಿಂಗಳಲ್ಲಿ ರಸ್ತೆ ಅಗಲ ಮಾಡುವವರು ಬಂದು ಸಾಲು ಕಟ್ಟಡಗಳ ಮುಂಭಾಗ ಒಡೆದಿದ್ದರು. ನೀಲಿ ಟೈಲ್ಸ್ ಹೋಗಿ, ಕೆಂಪು ಇಟ್ಟಿಗೆಯ ಬಾಯಿ ತೆರೆದ ಗೋಡೆಗಳು ಒಂದರ ಪಕ್ಕ ಒಂದು ನಿಂತಿದ್ದವು. ಎಲ್ಲವೂ ಒಂದೇ ಥರ.

"ಹೋಟ್ಲು ಎಲ್ಲಿ ಹೋಯ್ತು?" ಎಂದರು ಅಪ್ಪ.

ಹಾಗೆಂದವರೇ ಬ್ರೇಕ್ ಹಾಕಿದರು. ಬದಿಗೆ ಸರಿಯಲಿಲ್ಲ, ಕೈ ತೋರಿಸಲಿಲ್ಲ. ರಸ್ತೆಯ ನಡುವೆ, ಓಡುತ್ತಿರುವ ಲಾರಿಗಳ ನಡುವೆ, ಕಾರು ನಿಂತುಬಿಟ್ಟಿತು.

ನಾನು ತಿರುಗಿ ನೋಡಿದೆ. ಹಿಂದಿನ ಗಾಜಿನಲ್ಲಿ ಆಕಾಶವಿರಲಿಲ್ಲ, ರಸ್ತೆಯಿರಲಿಲ್ಲ. ಲಾರಿಯ ಮೂತಿ ಮಾತ್ರ, ಅದರ ಕಂಬಿಗಳು, ಕಂಬಿಗೆ ಕಟ್ಟಿದ ನಿಂಬೆಹಣ್ಣು. ಅದು ದೊಡ್ಡದಾಗುತ್ತಲೇ ಇತ್ತು. ಗಾಳಿಯ ಬ್ರೇಕಿನ ಬುಸ್ ಎಂಬ ಸದ್ದು, ರಬ್ಬರ್ ಸುಟ್ಟ ವಾಸನೆ. ನಿಂಬೆಹಣ್ಣು ಗಾಜಿನ ಹತ್ತಿರ ಬಂದು, ತೂಗಿ, ಹಿಂದಕ್ಕೆ ಹೋಗಿ, ಮತ್ತೆ ತೂಗಿತು. ಲಾರಿ ನಿಂತಿತ್ತು. ನಮಗೂ ಅದಕ್ಕೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನಡೆದು ಹೋಗಲೂ ಜಾಗವಿರಲಿಲ್ಲ.

"ಹಿಂದಿನಿಂದ ಬಂದ ಭಾರಿ ವಾಹನ ಡಿಕ್ಕಿ." ಕಚೇರಿಯಲ್ಲಿ ನಾನು ಎಷ್ಟೋ ಸಲ ಓದಿ ಸೀಲು ಹೊಡೆದ ಸಾಲು. ಅದರಲ್ಲಿ ನಿಂಬೆಹಣ್ಣಿನ ವಿಷಯ ಯಾರೂ ಬರೆದಿರಲಿಲ್ಲ.

ಲಾರಿಯ ಡ್ರೈವರ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದ: "ಯೋವ್ ಪೆರಿಸು, ವೀಟ್ಲ ಸೊಲ್ಲಿಟ್ಟು ವಂದಿಯಾ?" ಏನಯ್ಯಾ ಮುದುಕ, ಮನೆಯಲ್ಲಿ ಹೇಳಿ ಬಂದಿದ್ದೀಯಾ ಎಂದು. ಸಾಯಲು ಅಡ್ಡ ಬಂದವರನ್ನು ಈ ಊರಿನಲ್ಲಿ ಕೇಳುವ ಪ್ರಶ್ನೆ ಅದು. ಅಪ್ಪ ತಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, ಗಿರಾಕಿಗೆ ಹೇಳುವ ಮರ್ಯಾದೆಯಲ್ಲೇ, "ಸೊಲ್ಲಿಟ್ಟುದಾಂಪ್ಪಾ ವಂದೇನ್" ಎಂದರು. ಹೇಳಿಯೇ ಬಂದಿದ್ದೇನಪ್ಪಾ. ಡ್ರೈವರ್ ಹಣೆ ಹಣೆ ಚಚ್ಚಿಕೊಂಡ.

ಮಜ್ಜಿಗೆಹುಳಿ ನನ್ನ ಸೀರೆಯ ಮೇಲಿತ್ತು. ಭಟ್ಟರು ಆ ದಿನ ಹೆಸರಿಡಲು ಏನೂ ಸಿಗದೆ ನಮ್ಮಿಬ್ಬರ ಮುಖ ನೋಡುತ್ತ ಕೂತಿದ್ದರು.

ಮನೆಗೆ ಬಂದ ಮೇಲೆ ಅಮ್ಮ ಏನೂ ಕೂಗಾಡಲಿಲ್ಲ. ನನ್ನ ಸೀರೆಯ ಮೇಲಿನ ಕಲೆ ನೋಡಿದರು, ಕೇಳಿದರು, ನಾನು ಹೇಳಿದೆ. ಮೊಳೆಗೆ ತೂಗುಹಾಕಿದ್ದ ಕಾರಿನ ಕೀ ತೆಗೆದುಕೊಂಡು ಅಡಿಗೆಮನೆಗೆ ಹೋಗಿ, ಸಾಸಿವೆ ಡಬ್ಬಿಯೊಳಗೆ ಇಳಿಸಿ, ಮುಚ್ಚಳ ಹಾಕಿದರು. ಹೋಟೆಲಿನ ಉಗ್ರಾಣದಲ್ಲಿ ಕಣ್ಣು ಮುಚ್ಚಿ ಡಬ್ಬಿ ತೆಗೆಯುತ್ತಿದ್ದ ಅಪ್ಪನಿಗೆ ಮನೆಯ ಸಾಸಿವೆ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಅಮ್ಮ ಅದನ್ನು ಲೆಕ್ಕ ಹಾಕಿಯೇ ಇಟ್ಟಿದ್ದರು.

"ಇನ್ನು ಕಾರು ಬೇಡ" ಎಂದರು.

"ಭಟ್ರು?" ಎಂದರು ಅಪ್ಪ.

"ಫೋನ್ ಉಂಟಲ್ಲ."

ಮುಂದಿನ ತಿಂಗಳು ಫೋನಿನಲ್ಲಿ ಜಗಳವಾಡಲು ನೋಡಿದರು. ಸರಿಹೋಗಲಿಲ್ಲ. ಸಾರಿನ ಪರಿಮಳ ಫೋನಿನಲ್ಲಿ ಬರುವುದಿಲ್ಲವಲ್ಲ. ಬಸ್ಸಿನಲ್ಲಿ ಒಂದು ಸಲ ಹೋದರು. ಎರಡು ಬಸ್ಸು ಬದಲಾಯಿಸಿ, ನಿಂತುಕೊಂಡೇ ಹೋಗಿ ಬಂದು, ಎರಡು ದಿನ ಸೊಂಟ ಹಿಡಿದುಕೊಂಡು ಮಲಗಿದರು. ಆಮೇಲೆ ಭಟ್ಟರು ನನಗೇ ಫೋನ್ ಮಾಡಿದರು.

"ಅಮ್ಮಾ, ಧನಿಗಳು ಬರದಿದ್ರೆ ನನ್ನ ಸಾರಿಗೆ ಬಯ್ಯುವವರು ಯಾರು? ಇಲ್ಲಿ ಎಲ್ಲರೂ ಚೆನ್ನಾಗುಂಟು ಚೆನ್ನಾಗುಂಟು ಅಂತಾರೆ. ನನಗೆ ಹೆದರಿಕೆ ಆಗ್ತದೆ."

ಅಪ್ಪ ದಿನಾ ಸಂಜೆ ಕೆಳಗೆ ಇಳಿದು ಕಾರಿನ ಧೂಳು ಒರೆಸಿ ಬರುತ್ತಿದ್ದರು. ಟೇಬಲ್ ಒರೆಸುವ ಹಾಗೆ, ಮೂಲೆಯಿಂದ ಮೂಲೆಗೆ. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಹಾಗೆಂದು ಮತ್ತೆ ಆ ಗಾಜಿನಲ್ಲಿ ನಿಂಬೆಹಣ್ಣು ನೋಡಲೂ ನಾನು ಸಿದ್ಧಳಿರಲಿಲ್ಲ. ನನ್ನ ಕಚೇರಿಯ ಅಧಿಕಾರಿಯೊಬ್ಬರು ಕಾರಿನಲ್ಲಿ ದಾರಿ ಹೇಳುವ ಜಿಪಿಎಸ್ ಪೆಟ್ಟಿಗೆ ಇಟ್ಟುಕೊಂಡಿದ್ದರು. ಮೊಬೈಲಿನಲ್ಲಿ ದಾರಿ ಸಿಗುವ ಕಾಲ ಅದಲ್ಲ. ನಮ್ಮ ಮೊಬೈಲುಗಳಲ್ಲಿ ಆಗ ಹಾವಿನ ಆಟ ಮಾತ್ರ ಇತ್ತು. ನಾನು ಊಟದ ಹೊತ್ತಿನಲ್ಲಿ ವಿಷಯ ತೆಗೆದೆ.

"ತಿರುಗುವ ಜಾಗ ಮೊದಲೇ ಹೇಳ್ತದೆ ಅಮ್ಮ. ಹುಡುಕ್ಲಿಕ್ಕೆ ನಿಲ್ಲಿಸಬೇಕಾಗಿಲ್ಲ."

"ಯಾರು ಹೇಳ್ತಾರೆ?" ಎಂದರು ಅಮ್ಮ.

"ಒಂದು ಹೆಂಗಸಿನ ಸ್ವರ."

"ಇವರು ಅದರ ಮಾತು ಕೇಳ್ತಾರಾ?"

ಅಪ್ಪ ಅನ್ನ ಕಲಸುತ್ತ, "ಅದಕ್ಕೆ ಕೆಲಸ ಬಂದ್ರೆ ಕೇಳ್ತೇನೆ" ಎಂದರು.

ಅಮ್ಮ ಯೋಚಿಸಿ ಕರಾರು ಹಾಕಿದರು. ಅಪ್ಪ ಒಬ್ಬರೇ ಉಪಯೋಗಿಸಲು ಬರುವಂಥದ್ದು ಸಿಕ್ಕರೆ, ಒಂದು ಸಲ ತಿರುವೊಟ್ಟಿಯೂರಿಗೆ ಹೋಗಿ ಬರುವುದು. ಅಮ್ಮನೂ ಹಿಂದಿನ ಸೀಟಿನಲ್ಲಿ ಬರುವುದು. ದಾರಿಯಲ್ಲಿ ರಸ್ತೆ ನಡುವೆ ಒಂದೇ ಒಂದು ಸಲ ನಿಲ್ಲಿಸಿದರೂ ಕೀ ಸಾಸಿವೆ ಡಬ್ಬಿಗೆ, ಕಾರು ಮಾರಾಟಕ್ಕೆ. ನಿಲ್ಲಿಸದಿದ್ದರೆ ಕೀ ಮೊಳೆಗೆ. ಅಪ್ಪ ಒಪ್ಪಿ, ತಮ್ಮದೂ ಒಂದು ಸೇರಿಸಿದರು: "ಎರಡು ಗ್ರೈಂಡರಿನ ಬೆಲೆಗಿಂತ ಜಾಸ್ತಿ ಕೊಡ್ಲಿಕ್ಕಿಲ್ಲ." ಅಪ್ಪ ಎಲ್ಲ ಯಂತ್ರಗಳ ಬೆಲೆಯನ್ನೂ ಮನೆಯ ಇಡ್ಲಿ ಗ್ರೈಂಡರಿನಲ್ಲೇ ಅಳೆಯುತ್ತಿದ್ದರು. ನಮ್ಮ ಟಿವಿ ಮೂರು ಗ್ರೈಂಡರ್.

ಮೌಂಟ್ ರೋಡಿನ ಪಕ್ಕದ ರಿಚಿ ಸ್ಟ್ರೀಟಿಗೆ ಹೋದೆವು, ರೈಲಿನಲ್ಲಿ. ವೈರು, ಸ್ಪೀಕರು, ಬಿಚ್ಚಿಟ್ಟ ಕಂಪ್ಯೂಟರುಗಳ ಓಣಿ. ಮೊದಲ ಅಂಗಡಿಯಲ್ಲಿ ಎ.ಸಿ., ಗಾಜಿನ ಬಾಗಿಲು. ಅಲ್ಲಿ ತೋರಿಸಿದ ಪೆಟ್ಟಿಗೆಯಲ್ಲಿ ನಕ್ಷೆಯ ಜೊತೆ ಹಾಡು, ಫೋಟೋ, ಸಿನಿಮಾ ಎಲ್ಲ ಬರುತ್ತಿತ್ತು. ಬೆಲೆ ಆರು ಗ್ರೈಂಡರ್.

"ಹಾಡು ಎಂತಕ್ಕೆ?" ಎಂದರು ಅಪ್ಪ ನನ್ನ ಕಿವಿಯಲ್ಲಿ. "ಸಪ್ಲೈಯರ್ ಹಾಡ್ತಾ ನಿಂತ್ರೆ ಸಾಂಬಾರ್ ಯಾರು ತರೋದು?"

ಅಲ್ಲೇ ನನಗೆ ಅನುಮಾನ ಬಂತು, ಅಪ್ಪ ಏನು ಮಾಡಲು ಹೊರಟಿದ್ದಾರೆ ಎಂದು.

ಹೋಟೆಲಿಗೆ ಊರಿನಿಂದ ಹೊಸಬರು ಕೆಲಸ ಕೇಳಿಕೊಂಡು ಬಂದರೆ ಅಪ್ಪ ಅವರನ್ನು ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ತಾವೇ ಗಿರಾಕಿಯ ಹಾಗೆ ಮೂಲೆಯ ಟೇಬಲ್ಲಿಗೆ ಹೋಗಿ ಕೂರುತ್ತಿದ್ದರು. "ಎಂತ ಉಂಟು?" ಎನ್ನುವರು. ಅವನು ಇಡ್ಲಿ, ವಡೆ, ಪೊಂಗಲ್, ದೋಸೆ ಎಂದು ಒಂದೇ ಉಸಿರಿನಲ್ಲಿ ಹೇಳಬೇಕು, ಆದರೆ ಪುರಾಣದಷ್ಟು ಉದ್ದವಾಗಬಾರದು. ದೋಸೆ ಎಂದು ಹೇಳಿ, ಅವನು ನಾಲ್ಕು ಹೆಜ್ಜೆ ಹೋದ ಮೇಲೆ, "ಬೇಡ, ಉಪ್ಪಿಟ್ಟು ತಾ" ಎನ್ನುವರು. ಮುಖ ಸಿಂಡರಿಸಿದನೋ, ಹೋದ. ಕೊನೆಯದು ನಿಜವಾದ ಪರೀಕ್ಷೆ: ಅಡಿಗೆಮನೆಯಲ್ಲಿ ಮುಗಿದುಹೋದದ್ದನ್ನೇ ಕೇಳುವುದು. "ಇಲ್ಲ" ಎಂದವನು ಒಂದು ತಿಂಗಳು ಲೋಟ ತೊಳೆಯಬೇಕು. "ಅದು ಈಗಷ್ಟೇ ಆಯ್ತು, ಬಿಸಿ ಬೋಂಡ ಉಂಟು, ತರ್ಲಾ?" ಎಂದವನ ಹೆಗಲಿಗೆ ಅಪ್ಪ ತಾವೇ ಎದ್ದು ಟವೆಲ್ ಹಾಕುತ್ತಿದ್ದರು. ಗಿರಾಕಿ ಎಂದೂ ತಪ್ಪು ಕೇಳುವುದಿಲ್ಲ, ಕೇಳಿದ್ದು ಮುಗಿದಿರುತ್ತದೆ ಅಷ್ಟೆ ಎಂಬುದು ಅವರ ಸಿದ್ಧಾಂತ.

ಎರಡನೆಯದು ಸಣ್ಣ ಅಂಗಡಿ. ಅಂಗಡಿಯವರು ನಡುವಯಸ್ಸಿನ ತಮಿಳರು, ಕನ್ನಡಕ ಹಣೆಯ ಮೇಲೆ. ಅವರ ಹತ್ತಿರ ಎರಡು ಬಗೆ ಇತ್ತು: ಒಂದು ನಾಲ್ಕು ಗ್ರೈಂಡರಿನದು, ಒಂದು ಎರಡಕ್ಕಿಂತ ಚೂರು ಹೆಚ್ಚಿನದು. ನಾನು ಗುಂಡಿಗಳನ್ನು ಒತ್ತಿ ನೋಡಿದೆ. ನಾಲ್ಕು ಗ್ರೈಂಡರಿನದರಲ್ಲಿ ಒಂದರೊಳಗೊಂದು ಪುಟ, ಮನೆ ಎಂಬ ಚಿತ್ರ ಸಿಗಬೇಕಾದರೆ ಐದಾರು ಕಡೆ ಮುಟ್ಟಬೇಕು. ಕಡಿಮೆ ಬೆಲೆಯದರಲ್ಲಿ ತೆರೆದ ಕೂಡಲೇ ದೊಡ್ಡ ದೊಡ್ಡ ಎರಡು ಚೌಕಗಳು. ಬಿಸಿ ಲೋಟ ಹಿಡಿದು ಹಿಡಿದು ಜಡ್ಡುಗಟ್ಟಿದ ಅಪ್ಪನ ತೋರುಬೆರಳನ್ನು ಅದು ಮೊದಲ ಸಲಕ್ಕೇ ಒಪ್ಪಿಕೊಂಡಿತು. ನನಗೆ ಅಷ್ಟಕ್ಕೇ ಸಾಕಿತ್ತು.

ಅಪ್ಪನಿಗೆ ಸಾಕಾಗಲಿಲ್ಲ. "ಓಡಿಸಿ ನೋಡದೆ ಹೇಗೆ?"

"ಅಂಗಡಿಯೊಳಗೆ ಸಿಗ್ನಲ್ ಬರಲ್ಲ ಸಾರ್. ಕಾರ್ ಎಲ್ಲಿ?"

ಕಾರಿನ ಕೀ ಸಾಸಿವೆ ಡಬ್ಬಿಯಲ್ಲಿತ್ತು. ಅದನ್ನು ಅಂಗಡಿಯವರಿಗೆ ಹೇಳಲಾಗದೆ ಅಪ್ಪ ಒಂದು ಆಟೋ ಕರೆದರು.

ಹೀಗೆ ನಾವು ಮೂವರು ಒಂದು ಆಟೋದ ಹಿಂದಿನ ಸೀಟಿನಲ್ಲಿ ಕೂತು ಮೌಂಟ್ ರೋಡಿಗೆ ಇಳಿದೆವು. ನಡುವೆ ಅಂಗಡಿಯವರು, ಪೆಟ್ಟಿಗೆಗಳನ್ನು ನಮ್ಮ ಕೈಗೆ ಕೊಡಲು ನಂಬಿಕೆಯಿಲ್ಲದೆ ತಾವೇ ಎರಡನ್ನೂ ಎರಡು ಅಂಗೈಯಲ್ಲಿ ಆರತಿ ತಟ್ಟೆಯಂತೆ ಹಿಡಿದುಕೊಂಡಿದ್ದರು. ಮೊದಲು ನಾಲ್ಕು ಗ್ರೈಂಡರಿನದನ್ನು ಹಚ್ಚಿದರು. ಅದು ಆಕಾಶ ಹುಡುಕುತ್ತ ಸುಮ್ಮನಿತ್ತು.

"ಗಿರಾಕಿ ಕೂತು ಇಷ್ಟು ಹೊತ್ತಾಯ್ತು, ಇನ್ನೂ ನೀರೇ ಇಟ್ಟಿಲ್ಲ" ಎಂದರು ಅಪ್ಪ.

ಕೊನೆಗೆ ಅದು ಎದ್ದು ಇಂಗ್ಲಿಷಿನಲ್ಲಿ ಬಲಕ್ಕೆ ತಿರುಗಿ ಎಂದಿತು. ಆಟೋ ಡ್ರೈವರ್ ಕನ್ನಡಿಯಲ್ಲಿ ನಮ್ಮನ್ನು ನೋಡಿದ. "ಅಂದ ಅಮ್ಮಾ ಸೊಲ್ರ ಮಾದಿರಿ ಪೋನಾ ಒನ್ ವೇ ಸಾರ್." ಆ ಅಮ್ಮ ಹೇಳಿದ ಹಾಗೆ ಹೋದರೆ ಒನ್ ವೇ. ಅವನು ನೇರ ಹೋದ. ಪೆಟ್ಟಿಗೆ, ಸಾಧ್ಯವಾದಲ್ಲಿ ಯು ಟರ್ನ್ ತೆಗೆದುಕೊಳ್ಳಿ ಎಂದಿತು. ಅವನು ಎಡಕ್ಕೆ ಹೋದ. ಯು ಟರ್ನ್ ತೆಗೆದುಕೊಳ್ಳಿ. ಸಿಗ್ನಲ್ಲಿನಲ್ಲಿ ನಿಂತ. ಯು ಟರ್ನ್ ತೆಗೆದುಕೊಳ್ಳಿ. ಡ್ರೈವರಿಗೆ ರೇಗಿತು. "ಯಾರು ಸಾರ್ ಇದು, ನನ್ನ ಮಾಮಿಯಾರಾ?" ಎಂದ. ಅತ್ತೆಯಾ ಎಂದು.

"ಹಠ ಮಾಡ್ತದೆ" ಎಂದರು ಅಪ್ಪ ನನಗೆ. "ಕೂತವನನ್ನು ಎಬ್ಬಿಸಿ ಬೇರೆ ಟೇಬಲ್ಲಿಗೆ ಕೂರಿಸುವ ಜಾತಿ. ಬೇಡ."

ಎರಡನೆಯದನ್ನು ಹಚ್ಚಿದರು. ಅದಕ್ಕೆ ಬೀದಿಗಳ ಹೆಸರು ಹೇಳಲು ಬರುತ್ತಿರಲಿಲ್ಲ. ಲೆಫ್ಟ್, ರೈಟ್, ಇಷ್ಟು ಮೀಟರ್ ಎನ್ನುವುದಷ್ಟೇ. ಅಂಗಡಿಯವರು ಅದು ಕೊರತೆಯೆಂಬಂತೆ ತಗ್ಗಿದ ದನಿಯಲ್ಲಿ ಹೇಳಿದರು. ಅಪ್ಪ ತಲೆಯಾಡಿಸಿದರು: "ಸಾಕಲ್ಲ. ಬೀದಿ ಹೆಸರು ನನಗೆ ಹೇಗೂ ಗೊತ್ತಿಲ್ಲ." ಪೆಟ್ಟಿಗೆ ಎಡಕ್ಕೆ ಎಂದಿತು. ಅಪ್ಪ ಬೇಕೆಂದೇ ಮುಂದೆ ಬಾಗಿ ಡ್ರೈವರಿಗೆ, "ನೇರಾ ಪೋಪ್ಪಾ" ಎಂದರು. ಅವನು ಸಂತೋಷದಿಂದ ನೇರ ಹೋದ.

ಪೆಟ್ಟಿಗೆ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಅದೇ ತಣ್ಣನೆಯ ಸ್ವರದಲ್ಲಿ "ರಿಕ್ಯಾಲ್ಕ್ಯುಲೇಟಿಂಗ್" ಎಂದಿತು. ಆಮೇಲೆ, ಮುಂದಿನ ಎಡಕ್ಕೆ ತಿರುಗಿ ಎಂದಿತು.

"ಎಂತ ಹೇಳ್ತು?"

"ಕಣಕ್ಕು ತಿರುಂಬ ಪೋಡುದು ಸಾರ್" ಎಂದರು ಅಂಗಡಿಯವರು. ಲೆಕ್ಕ ಮತ್ತೆ ಹಾಕುತ್ತದೆ.

ಅಪ್ಪ ಮತ್ತೆ ನೇರ ಹೋಗಿಸಿದರು. ಅದು ಮತ್ತೆ ಲೆಕ್ಕ ಹಾಕಿತು. ಬಲಕ್ಕೆ ಹೋಗಿಸಿದರು. ಲೆಕ್ಕ ಹಾಕಿತು. ಒಂದು ಕಡೆ ಟೀ ಕುಡಿಯಲು ಇಳಿದೆವು. ಅದು ಅಂಗಡಿಯವರ ಅಂಗೈಯಲ್ಲಿ ಒಂದು ಮಾತೂ ಆಡದೆ ಕಾದಿತು. ಮತ್ತೆ ಹೊರಟಾಗ ಏನೂ ಆಗದವರ ಹಾಗೆ ಮುಂದಿನ ತಿರುವು ಹೇಳಿತು. ಅಪ್ಪನ ಮುಖದಲ್ಲಿ ನಾನು ಎಷ್ಟೋ ತಿಂಗಳಿಂದ ಕಾಣದಿದ್ದ ನಗು. ಸೀಟಿಗೆ ಒರಗಿ ಕೂತರು.

"ದೋಸೆ ಆಯ್ತು, ಬೋಂಡ ಉಂಟು ಅಂತದೆ ನೋಡು ಮಗಾ. ಮುಖ ಸಿಂಡರಿಸುವುದಿಲ್ಲ."

ಅಂಗಡಿಯವರಿಗೆ ಕನ್ನಡ ತಿಳಿಯಲಿಲ್ಲ. "ಸಾರ್‌ಗೆ ಏನಾದರೂ ಪ್ರಾಬ್ಲಮ್ಮಾ?" ಎಂದು ತಮಿಳಿನಲ್ಲಿ ನನ್ನನ್ನು ಕೇಳಿದರು. "ಇಲ್ಲ, ಕೆಲಸ ಸಿಕ್ಕಿತು" ಎಂದೆ. ಯಾರಿಗೆ ಎಂದು ಅವರು ಕೇಳಲಿಲ್ಲ. ಬೆಲೆಯೂ ಎರಡು ಗ್ರೈಂಡರಿಗೆ ಇಳಿಯಿತು. ಇನ್ನೊಂದು ಸುತ್ತು ಹೊಡೆಯೋಣವೇ ಎಂದು ಅಪ್ಪ ಕೇಳಿದ ಮೇಲೆ ಇಳಿಯಿತು.

ಮನೆಯಲ್ಲಿ ನಾನು ಒಂದು ವಾರ ಅದರ ಜೊತೆ ಕೂತೆ. ನಮ್ಮ ಮನೆ ಒಂದು ಚೌಕಕ್ಕೆ, ಭಟ್ಟರ ಮನೆ ಇನ್ನೊಂದಕ್ಕೆ. ಭಟ್ಟರ ಗಲ್ಲಿ ನಕ್ಷೆಯಲ್ಲಿರಲಿಲ್ಲ. ಗಲ್ಲಿ ಸೇರುವ ಬೀದಿಯ ಕೊನೆಯನ್ನು ಗುರುತು ಹಾಕಿದೆ. ನನ್ನ ಹೆದರಿಕೆ ಬೇರೆಯಿತ್ತು. ಅಪ್ಪ ಈಗ ಹೋಟೆಲ್ ಹುಡುಕುವ ಬದಲು ಆ ಪರದೆಯನ್ನೇ ನೋಡುತ್ತ ಓಡಿಸಿದರೆ? ಕಣ್ಣು ರಸ್ತೆಯ ಮೇಲೆ, ಕಿವಿ ಮಾತ್ರ ಅದರ ಮೇಲೆ ಎಂದು ಹಟ ಹಿಡಿದೆ. ಅಪ್ಪ ಎದ್ದು ಹೋಗಿ ತಮ್ಮ ಕೆಂಪು ಅಂಚಿನ ಹಳೆಯ ಟವೆಲ್ ತಂದು, ಪೆಟ್ಟಿಗೆಯ ಮೇಲೆ ಮಡಿಸಿ ಹಾಕಿದರು. ಪರದೆ ಮುಚ್ಚಿತು, ಸ್ವರ ಮಾತ್ರ ಉಳಿಯಿತು.

"ಈಗ ಸರಿಯಾಯ್ತು. ಟವೆಲ್ ಇಲ್ಲದೆ ಸಪ್ಲೈಯರ್ ಅಂತ ಹೇಗೆ ಗೊತ್ತಾಗ್ಬೇಕು?"

ವಾರ ಕಳೆದ ಮೇಲಿನ ಭಾನುವಾರ ಅಮ್ಮ ಸಾಸಿವೆ ಡಬ್ಬಿಯಿಂದ ಕೀ ತೆಗೆದು, ಸೆರಗಿನಲ್ಲಿ ಒರೆಸಿ, ಅಪ್ಪನ ಕೈಗೆ ಕೊಟ್ಟರು. "ಇವತ್ತಿಗೆ ಮಾತ್ರ" ಎಂದರು. ಕೀಯ ಸಂದಿಯಲ್ಲಿ ಒಂದು ಸಾಸಿವೆ ಕಾಳು ಸಿಕ್ಕಿಕೊಂಡಿತ್ತು. ಅಪ್ಪ ಅದನ್ನು ಉಗುರಿನಿಂದ ಬಿಡಿಸುವವರೆಗೆ ನಾವು ಕೆಳಗೆ ಕಾದೆವು. ಅಮ್ಮ ಹಿಂದೆ, ನಾನು ಮುಂದೆ, ಈ ಸಲ ಕ್ಯಾರಿಯರ್ ಅಮ್ಮನ ತೊಡೆಯ ಮೇಲೆ.

ಪ್ಯಾರಿಸ್ ಕಾರ್ನರ್ ದಾಟುವವರೆಗೆ ಎಲ್ಲರೂ ಮಾತಾಡುತ್ತಿದ್ದೆವು. ಅಪ್ಪ ಅಭ್ಯಾಸಬಲದಿಂದ, "ಅಲ್ನೋಡು, ಬಾವಿ ಹೋಟ್ಲು ಮೊಬೈಲ್ ಅಂಗಡಿ ಆಯ್ತು" ಎನ್ನುವರು. ಟವೆಲಿನ ಒಳಗಿಂದ ಸ್ವರ, ನೇರ ಹೋಗಿ ಎನ್ನುವುದು. ಅಮ್ಮ, "ಅದು ಎಷ್ಟು ಮರ್ಯಾದೆಯಲ್ಲಿ ಹೇಳ್ತದೆ, ನೋಡಿ ಕಲೀರಿ" ಎನ್ನುವರು. ರಾಯಪುರಂ ಬಂದ ಮೇಲೆ ಲಾರಿಗಳು ಶುರುವಾದವು. ನಾನು ಮಾತು ನಿಲ್ಲಿಸಿದೆ. ತೊಂಡಿಯಾರ್‌ಪೇಟೆ ದಾಟಿದ ಮೇಲೆ ಅಪ್ಪನೂ ಹೋಟೆಲುಗಳ ಹೆಸರು ಹೇಳುವುದನ್ನು ಬಿಟ್ಟರು. ಹೈರೋಡಿನಲ್ಲಿ ಒಡೆದ ಗೋಡೆಗಳ ಸಾಲು ಈಗ ಇನ್ನೂ ಉದ್ದವಾಗಿತ್ತು. ಅಲ್ಲಲ್ಲಿ ಹೊಸ ಸಿಮೆಂಟು, ನೀಲಿ ಎಲ್ಲೂ ಇಲ್ಲ.

ಇನ್ನೂರು ಮೀಟರಿನಲ್ಲಿ ಎಡಕ್ಕೆ ಎಂದಿತು ಸ್ವರ.

ಅಪ್ಪ ಎಡದ ಇಂಡಿಕೇಟರ್ ಹಾಕಿದರು. ಆದರೆ ನಮ್ಮ ಎಡಕ್ಕೆ ಒಂದು ಕಂಟೇನರ್ ಲಾರಿ ಸರಿಸಮನಾಗಿ ಬಂದುಬಿಟ್ಟಿತ್ತು. ಅದು ಮುಂದೆ ಹೋಗುತ್ತಿಲ್ಲ, ಹಿಂದೆ ಬೀಳುತ್ತಿಲ್ಲ. ಅದರ ಚಕ್ರಗಳು ನನ್ನ ಕಿಟಕಿಯಷ್ಟು ಎತ್ತರ. ತಿರುವು ಅದರಾಚೆಗೆ ಬರುತ್ತಿತ್ತು. ನಾನು ಹಿಂದಕ್ಕೆ ತಿರುಗಿದೆ. ಅಮ್ಮನ ಮುಖ, ಅದರ ಹಿಂದೆ ಗಾಜು, ಗಾಜಿನಲ್ಲಿ ಇನ್ನೊಂದು ಲಾರಿಯ ಮೂತಿ. ಅದಕ್ಕೆ ನಿಂಬೆಹಣ್ಣಿರಲಿಲ್ಲ, ಚೆಂಡುಹೂವಿನ ಒಣಗಿದ ಮಾಲೆಯಿತ್ತು. ಅಮ್ಮ ನನ್ನ ಕಣ್ಣು ನೋಡಿ, ಹಿಂದೆ ಏನಿದೆ ಎಂದು ತಿಳಿದುಕೊಂಡರು. ತಿರುಗಿ ನೋಡಲಿಲ್ಲ. ಕ್ಯಾರಿಯರಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಎಡಕ್ಕೆ ತಿರುಗಿ ಎಂದಿತು ಸ್ವರ.

ಅಪ್ಪನ ಕಾಲು ಬ್ರೇಕಿನ ಮೇಲೆ ಬಂದದ್ದನ್ನು ನಾನು ಕಂಡೆ. ಪಂಚೆಯ ಅಂಚು ಅಲುಗಿತು. ಆ ಕಾಲನ್ನು ನಾನು ಈಗಲೂ ನೋಡುತ್ತೇನೆ, ಬ್ರೇಕಿನ ಮೇಲೆ ಇದ್ದೂ ಒತ್ತದೆ ನಿಂತದ್ದನ್ನು. ಆಮೇಲೆ ಅದು ಪಕ್ಕಕ್ಕೆ ಸರಿಯಿತು. ಕಾರು ಅದೇ ವೇಗದಲ್ಲಿ ಮುಂದೆ ಹೋಯಿತು. ತಿರುವು ನಮ್ಮ ಎಡಕ್ಕೆ, ಲಾರಿಯ ಚಕ್ರಗಳ ಸಂದಿಯಲ್ಲಿ, ಒಂದು ಕ್ಷಣ ಕಂಡು ಹಿಂದೆ ಬಿತ್ತು.



"ರಿಕ್ಯಾಲ್ಕ್ಯುಲೇಟಿಂಗ್" ಎಂದಿತು ಟವೆಲ್.

"ಆಗ್ಲಿ" ಎಂದರು ಅಪ್ಪ ಅದಕ್ಕೆ, "ಬೋಂಡವೇ ತಾ."

ಮೊದಲು ನಕ್ಕದ್ದು ಅಮ್ಮ. ಕೋಟೆ ಗೆದ್ದ ಹಾಗೆ ನಕ್ಕರು, ಕ್ಯಾರಿಯರ್ ಕುಲುಕಿತು. ಮುಂದೆ ಎಲ್ಲೋ ತಿರುಗಿ, ಮೀನಿನ ಬುಟ್ಟಿಗಳ ಬೀದಿಯೊಂದನ್ನು ಹಾದು, ಎರಡು ಸಲ ಮತ್ತೆ ಲೆಕ್ಕ ಹಾಕಿಸಿ, ಭಟ್ಟರ ಬೀದಿಗೆ ಹಿಂಬದಿಯಿಂದ ಬಂದು ಸೇರಿದೆವು. ಮೆಟ್ಟಿಲು ಹತ್ತಿ ಹೋದರೆ ಭಟ್ಟರು ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

"ಎಂತ ಧನಿಗಳೇ, ಇಷ್ಟು ತಡ?"

"ದಾರಿ ತಪ್ಪಿತು" ಎಂದರು ಅಪ್ಪ.

ಭಟ್ಟರು ನನ್ನನ್ನು ನೋಡಿದರು, ಅಮ್ಮನನ್ನು ನೋಡಿದರು. ಅಪ್ಪನ ಬಾಯಿಂದ ಆ ಮಾತು ಅವರು ಕೇಳಿದ್ದು ಅದೇ ಮೊದಲು. ನಾವೂ ಕೇಳಿದ್ದು ಅದೇ ಮೊದಲು. ಹೇಳಿದವರು ಮಾತ್ರ ಹಸಿದ ಮನುಷ್ಯನ ಉತ್ಸಾಹದಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಸಾರಿನ ಮುಚ್ಚಳ ತೆಗೆದು, "ಇಂಗು ಜಾಸ್ತಿ ಆಯ್ತಲ್ಲ ಭಟ್ರೇ, ಮಂಡಿನೋವು ಮೂಗಿಗೂ ಬಂತಾ?" ಎಂದರು. ಭಟ್ಟರು ಕುರ್ಚಿಯಲ್ಲಿ ನೆಟ್ಟಗೆ ಕೂತು, ತೋಳು ಮೇಲೇರಿಸಿಕೊಂಡರು.

ಸಂಜೆ ಮನೆ ಸೇರಿದಾಗ ಅಪ್ಪ ಕೀಯನ್ನು ತಾವಾಗಿಯೇ ಅಮ್ಮನ ಮುಂದೆ ಹಿಡಿದರು. ಅಮ್ಮ ಕೈಯಲ್ಲಿದ್ದ ಕ್ಯಾರಿಯರ್ ತೋರಿಸಿದರು. "ನನ್ನ ಕೈ ಖಾಲಿ ಇಲ್ಲ. ಮೊಳೆಗೆ ಹಾಕಿ."

ಆಮೇಲೆ ತುಂಬ ವರ್ಷ ಅಪ್ಪ ತಿಂಗಳಿಗೊಮ್ಮೆ ಹೋಗಿಬಂದರು, ಬಹಳ ಸಲ ಒಬ್ಬರೇ. ಎಷ್ಟೋ ಸಲ ತಿರುವು ತಪ್ಪಿಸಿಕೊಂಡು ತಡವಾಗಿ ಬಂದದ್ದೂ ಉಂಟು. ಬಂದು ಹೊಸ ಬೀದಿಗಳ ಸುದ್ದಿ ಹೇಳುವರು. ನನ್ನ ಕುತ್ತಿಗೆಯ ವಿಷಯ ಬೇರೆ. ಇಷ್ಟು ಬರೆದ ಮೇಲೂ ಅದು ತಿರುಗುತ್ತದೆ ಎಂದೇ ಅನ್ನಿಸುತ್ತದೆ. ಆದರೆ ಇ‌ತ್ತೀಚೆಗೆ ಹಾಗೆ ತಿರುಗಿದಾಗ, ಲಾರಿಯ ಮೂತಿಗಿಂತ ಮುಂಚೆ ಅಮ್ಮನ ಮುಖ ಕಾಣುತ್ತದೆ, ಕ್ಯಾರಿಯರ್ ಹಿಡಿದುಕೊಂಡು ನಗು ತಡೆಯಲಾರದೆ ಕೂತದ್ದು.